ಮನೆ ಶೆಡ್‌ನಲ್ಲಿ ಡ್ರಿಲ್ ಬಿಟ್ ಸಾಣೆ ಹಿಡಿಯೋಕೆ ಏನು ತಗೊಳ್ಳಲಿ?

ನಿಟ್ಟುವಳ್ಳಿ ಶೆಡ್:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮನೆ ಹಿಂದಿನ ಶೆಡ್‌ನಲ್ಲಿ ಸಣ್ಣಪುಟ್ಟ ಕಬ್ಬಿಣದ ಕೆಲಸ ಮಾಡಿಕೊಳ್ಳುತ್ತೇನೆ. ಗಿಡದ ಸ್ಟ್ಯಾಂಡು, ಗೇಟಿನ ಚಿಲಕ, ಅಕ್ಕಪಕ್ಕದವರ ಕಿಟಕಿ ಗ್ರಿಲ್ಲು, ಇಂಥದ್ದೇ. ದುಡಿಮೆಗಲ್ಲ, ಹುಚ್ಚಿಗೆ. ಡಬ್ಬಿ ತುಂಬ ಮೊಂಡಾದ ಬಿಟ್‌ಗಳು ಬಿದ್ದಿವೆ, 4 ಮಿಮೀನಿಂದ 12 ಮಿಮೀವರೆಗೆ, ಎಲ್ಲಾ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್). ಎಸೆಯೋಕೆ ಮನಸ್ಸಿಲ್ಲ.

ನನಗೆ ಕಾಣಿಸುತ್ತಿರುವುದು ಮೂರು ದಾರಿ. ಒಂದು, ಆನ್‌ಲೈನ್‌ನಲ್ಲಿ ಸಿಗುವ ಆ ಸಣ್ಣ ಶಾರ್ಪನರ್, ತೂತಿಗೆ ಬಿಟ್ ತೂರಿಸಿ ತಿರುಗಿಸಿದರೆ ಆಯಿತು ಅಂತಾರಲ್ಲ ಅದು. ಇನ್ನೊಂದು 6 ಇಂಚಿನ ಬೆಂಚ್ ಗ್ರೈಂಡರ್, ಬೇಕಾದರೆ ಜೊತೆಗೆ ಬಿಟ್ಟನ್ನು ಸರಿಯಾದ ಕೋನದಲ್ಲಿ ಹಿಡಿದುಕೊಳ್ಳುವ ಜಿಗ್. ಅದೂ ಬೇಡ ಅಂದರೆ ಇರುವ 4 ಇಂಚಿನ ಆಂಗಲ್ ಗ್ರೈಂಡರ್‌ನಲ್ಲೇ ಹೇಗೋ ಸುಧಾರಿಸೋದು. ಮನೆಯಲ್ಲಿ "ಇನ್ನೂ ಒಂದು ಮಿಷನ್ನಾ?" ಅಂತ ಈಗಾಗಲೇ ಕೇಳಿದ್ದಾಗಿದೆ, ಹಾಗಾಗಿ ತಗೊಂಡರೆ ಒಂದೇ ಸಲ ಸರಿಯಾದದ್ದು ತಗೋಬೇಕು.

ಮತ್ತೆ ಇನ್ನೊಂದು ಅನುಮಾನ. ನಮ್ಮ ಬೀದಿ ವೆಲ್ಡಿಂಗ್ ಶಾಪ್ ಹುಡುಗ ಒಂದು 8 ಮಿಮೀ ಬಿಟ್ ಉಜ್ಜಿ ಕೊಟ್ಟ. ಮೊನೆ ಫಳಫಳ ಹೊಳೆಯುತ್ತೆ, ಮುಟ್ಟಿದರೆ ಚುಚ್ಚುತ್ತೆ. ಆದರೆ ಪಟ್ಟಿ ಮೇಲೆ ಇಟ್ಟರೆ ಕಿರುಚುತ್ತದೆ, ಹೊಗೆ ಬರುತ್ತದೆ, ಒಳಗೆ ಮಾತ್ರ ಇಳಿಯೋದಿಲ್ಲ. ಹರಿತ ಇದ್ದೂ ಯಾಕೆ ಹೀಗೆ?

ಹರಿಹರದ ಹಳೇ ಫಿಟ್ಟರ್:

ತಮ್ಮಾ, ಮಿಷನ್ ವಿಷಯ ಆಮೇಲೆ. ಮೊದಲು ಆ 8 ಮಿಮೀ ಬಿಟ್ ಕೈಗೆ ತಗೋ. ಮೊನೆಯಲ್ಲಿ ಎರಡು ಅಂಚು ಇದಾವಲ್ಲ, ಕೊರೆಯೋದು ಅವೇ. ಅಂಚಿನಿಂದ ಹಿಂದಕ್ಕೆ ಹೋಗುತ್ತಾ ಮೈ ಕೆಳಗೆ ಇಳಿಯಬೇಕು. ಆ ಹಿಂಭಾಗಕ್ಕೆ ಹಿಮ್ಮಡಿ ಅಂತೀವಿ. ಹುಡುಗ ಉಜ್ಜಿದ್ದರಲ್ಲಿ ಹಿಮ್ಮಡಿ ಅಂಚಿಗಿಂತ ಎತ್ತರಕ್ಕೆ ನಿಂತಿರುತ್ತದೆ, ನೋಡು ಬೇಕಾದರೆ. ಹಿಮ್ಮಡಿ ಮೊದಲು ಕಬ್ಬಿಣಕ್ಕೆ ತಾಗಿದರೆ ಅಂಚು ತಾಗೋದೇ ಇಲ್ಲ, ಸುಮ್ನೆ ಉಜ್ಜಿಕೊಂಡು ಕಾಯುತ್ತದೆ. ನೀನು ಜಾಸ್ತಿ ಒತ್ತುತ್ತೀಯ, ಅದು ಜಾಸ್ತಿ ಕಾಯುತ್ತದೆ. ಈ ಇಳಿಜಾರು ಸುಮಾರು 8ರಿಂದ 12 ಡಿಗ್ರಿ ಇರಬೇಕು. ಅದಕ್ಕಿಂತ ತೀರಾ ಜಾಸ್ತಿ ಕೊಟ್ಟರೆ ಅಂಚು ತೆಳುವಾಗಿ ಚಕ್ಕೆ ಏಳುತ್ತದೆ.

ತಿಳಿಯೋದು ಹೇಗೆ ಅಂದರೆ, ಬಿಟ್ಟನ್ನು ತುದಿಯಿಂದ ನೇರವಾಗಿ ನೋಡು. ಎರಡು ಅಂಚಿನ ಮಧ್ಯೆ ಅಡ್ಡಕ್ಕೆ ಒಂದು ಸಣ್ಣ ಗೆರೆ ಕಾಣುತ್ತದೆ. ಅಂಚಿಗೂ ಆ ಗೆರೆಗೂ ನಡುವಿನ ಕೋನ 120ರಿಂದ 135 ಡಿಗ್ರಿ ಇದ್ದರೆ ಇಳಿಜಾರು ಸರಿ ಇದೆ. ಕಾಟಕೋನದ (90 ಡಿಗ್ರಿ) ಹತ್ತಿರ ಬಂದಿದ್ದರೆ ಇಳಿಜಾರು ಸಾಲದು.

ಇನ್ನು ಎರಡು ಅಂಚು ಸೇರಿ ಆಗುವ ಮೊನೆ ಕೋನ. ಸಾಮಾನ್ಯ ಎಂಎಸ್ (ಮೈಲ್ಡ್ ಸ್ಟೀಲ್) ಕೆಲಸಕ್ಕೆ 118 ಡಿಗ್ರಿ, ಅಂದರೆ ಒಂದೊಂದು ಅಂಚು ಬಿಟ್‌ನ ಉದ್ದಕ್ಕೆ ಹೋಗುವ ನಡುಗೆರೆಯಿಂದ 59. ಗೇಜ್ ಇಲ್ಲ ಅಂತ ಚಿಂತೆ ಬೇಡ. ಒಂದೇ ಸೈಜಿನ ಎರಡು ಆರುಮೂಲೆ ನಟ್ ತಗೊಂಡು ಪಕ್ಕಕ್ಕೆ ಪಕ್ಕ ಅಂಟಿಸಿ ಹಿಡಿ, ನಡುವೆ ಆಗುವ ಸಂದು ಸರಿಯಾಗಿ 120 ಡಿಗ್ರಿ. ಬಿಟ್ ಮೊನೆ ಅದರಲ್ಲಿ ಕೂರಿಸಿ ಬೆಳಕಿಗೆ ಹಿಡಿದು ನೋಡು. ಮನೆ ಕೆಲಸಕ್ಕೆ ಅಷ್ಟು ಸಾಕು.

ಕೋನಕ್ಕಿಂತ ಮುಖ್ಯ ಎರಡು ಅಂಚಿನ ಉದ್ದ ಸಮ ಇರೋದು. ಒಂದು ಉದ್ದ ಒಂದು ಗಿಡ್ಡ ಆದರೆ ಮೊನೆ ನಡುವಿನಿಂದ ಸರಿಯುತ್ತದೆ, 8 ಮಿಮೀ ಬಿಟ್‌ನಲ್ಲಿ ತೂತು ಎಂಟಕ್ಕಿಂತ ದೊಡ್ಡದಾಗುತ್ತದೆ. ಕೊರೆಯುವಾಗ ಕಬ್ಬಿಣದ ಸುರುಳಿ ಒಂದೇ ಕಡೆಯಿಂದ ಬರುತ್ತಿದ್ದರೆ ಇದೇ ರೋಗ.

ಈಗ ಮಿಷನ್. ಬೆಂಚ್ ಗ್ರೈಂಡರ್ ತಗೋ, ಜಿಗ್ ಬೇಡ. ಕೈಯಲ್ಲೇ ಕಲಿ. ಲೇತ್ ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು ಹರಿಹರ, ದಾವಣಗೆರೆ ಕಡೆ ಇನ್ನೂ ಸಿಗುತ್ತಾರೆ, ಅಂಥವರ ಹತ್ತಿರ ಒಂದು ಸಂಜೆ ನಿಂತು ನೋಡಿದರೆ ಸಾಕು. ಅಂಚನ್ನು ಮಟ್ಟವಾಗಿ ಹಿಡಿದು ಕಲ್ಲಿಗೆ ಮೆತ್ತಗೆ ತಾಗಿಸು, ಹಿಂದಿನ ಕೈ ನಿಧಾನಕ್ಕೆ ಕೆಳಗೆ ಇಳಿಸು, ಇಳಿಸುತ್ತಾ ಚೂರೇ ಚೂರು ತಿರುಗಿಸು. ಅಷ್ಟೇ. ಹಾಳಾದ ದೊಡ್ಡ ಬಿಟ್‌ನಿಂದ ಶುರು ಮಾಡು, 10 ಅಥವಾ 12 ಮಿಮೀ. ಸಣ್ಣದರಲ್ಲಿ ಏನೂ ಕಾಣಿಸೋದಿಲ್ಲ.

ದುರ್ಗದ ವೆಲ್ಡರ್:

ಹಿರಿಯರು ಹೇಳಿದ್ದರಲ್ಲಿ ಜಿಗ್ ಬೇಡ ಅನ್ನೋದೊಂದು ಬಿಟ್ಟು ಎಲ್ಲಾ ಒಪ್ಪಿದೆ. ಅವರ ಕೈಗೆ ವರ್ಷಗಟ್ಟಲೆ ಅಭ್ಯಾಸ, ಭಾನುವಾರಕ್ಕೊಮ್ಮೆ ಶೆಡ್‌ಗೆ ಇಳಿಯುವವರಿಗೆ ಆ ಕೈ ಎಲ್ಲಿಂದ ಬರಬೇಕು, ಅಲ್ವಾ? ನನ್ನ ಹತ್ತಿರ ಗ್ರೈಂಡರ್ ಪಕ್ಕದಲ್ಲಿ ಬೋಲ್ಟ್ ಹಾಕಿ ಕೂರಿಸುವ, ತೊಟ್ಟಿಲ ಹಾಗೆ ತೂಗುವ ಜಿಗ್ ಇದೆ. ಬಿಟ್ಟನ್ನು ಅದರ ಕಾಲುವೆಯಲ್ಲಿ ಮಲಗಿಸಿ, 59ರ ಗೆರೆಗೆ ಹೊಂದಿಸಿ, ತೂಗಿದರೆ ಇಳಿಜಾರು ತಾನಾಗಿ ಬರುತ್ತದೆ. ಬೆಲೆ ಗ್ರೈಂಡರ್‌ಗಿಂತ ಕಡಿಮೆ.

ಆದರೆ ಅಗ್ಗದ ಜಿಗ್‌ನಲ್ಲಿ ಕೀಲು ಲೂಸ್ ಇರುತ್ತದೆ, ಕೊಳ್ಳುವಾಗಲೇ ಅಲ್ಲಾಡಿಸಿ ನೋಡಿ. ಬಿಟ್ ತುದಿ ಎಷ್ಟು ಮುಂದಕ್ಕೆ ಚಾಚಿರಬೇಕು ಅನ್ನೋದರ ಮೇಲೆ ಎಲ್ಲಾ ನಿಂತಿದೆ, ಚೂರು ಜಾಸ್ತಿ ಕಡಿಮೆ ಆದರೂ ಹಿಮ್ಮಡಿ ಎದ್ದು ನಿಲ್ಲುತ್ತದೆ. ಒಂದು ಅಂಚು ಮುಗಿಸಿ ಅರ್ಧ ಸುತ್ತು ತಿರುಗಿಸಿದ ಮೇಲೆ ಅಂಚು ಮತ್ತೆ ಅದೇ ಜಾಗದಲ್ಲಿ ಕೂತಿದೆಯಾ ಅಂತ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಮೊನೆಗೆ ಮಾರ್ಕರ್ ಪೆನ್ ಮಸಿ ಬಳಿದು ಒಂದು ಸಲ ತೂಗಿ. ಮಸಿ ಎಲ್ಲಿ ಹೋಗಿದೆಯೋ ಅಲ್ಲಿ ಕಲ್ಲು ತಾಗಿದೆ. ಮಸಿ ಹಿಮ್ಮಡಿಯಲ್ಲಿ ಮಾತ್ರ ಹೋಗಿ ಅಂಚಿನಲ್ಲಿ ಉಳಿದಿದ್ದರೆ ಇನ್ನೂ ಅಂಚಿಗೆ ಬಂದಿಲ್ಲ ಅಂತ ಲೆಕ್ಕ. ಈ ಮಸಿ ಉಪಾಯ ಕೈಯಲ್ಲಿ ಉಜ್ಜುವವರಿಗೂ ಆಗುತ್ತದೆ.

ತೂತಿಗೆ ತೂರಿಸುವ ಶಾರ್ಪನರ್ ತಗೋಬೇಡಿ. ಒಳಗಿನ ಕಲ್ಲು ಬೆರಳುಗಾತ್ರದ್ದು, ಬೇಗ ಸವೆದು ಗುಂಡಿ ಬೀಳುತ್ತದೆ. ಸ್ವಲ್ಪ ಮಂಕಾದ ಬಿಟ್ಟಿಗೆ ಓಕೆ, ಮೊನೆ ಮುರಿದ ಬಿಟ್ಟಿಗೆ ಆಗೋದಿಲ್ಲ.

ಆಂಗಲ್ ಗ್ರೈಂಡರ್ ಅಂತೂ ಈ ಕೆಲಸಕ್ಕೆ ಬೇಡ್ವೇ ಬೇಡ. ಅದು 11,000 ಆರ್‌ಪಿಎಂ ತನಕ ತಿರುಗುವ ಮಿಷನ್, ಬಿಟ್ ಇಡೋಕೆ ರೆಸ್ಟ್ ಇಲ್ಲ. ಬಿಟ್ ಸಿಕ್ಕಿಕೊಂಡರೆ ಬೆರಳು ಎಲ್ಲಿರುತ್ತೆ ಯೋಚನೆ ಮಾಡಿ. ಬೆಂಚ್ ಗ್ರೈಂಡರ್ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ 2,800–2,900 ಸುತ್ತು ಅಷ್ಟೇ.

ಪಿ.ಬಿ. ರೋಡ್ ಟರ್ನರ್:

ಮಿಷನ್ ಬಗ್ಗೆ ಎಲ್ಲರೂ ಹೇಳಿದರು, ಕಲ್ಲಿನ ಬಗ್ಗೆ ಯಾರೂ ಹೇಳಲಿಲ್ಲ. ಗ್ರೈಂಡರ್ ಜೊತೆ ಬರುವ ಬೂದು ಕಲ್ಲು ಸಾಮಾನ್ಯವಾಗಿ ಒಂದು ಕಡೆ 36 ಗ್ರಿಟ್, ಒಂದು ಕಡೆ 60 (ನಂಬರ್ ಕಡಿಮೆ ಇದ್ದಷ್ಟೂ ಕಲ್ಲಿನ ಕಾಳು ಒರಟು). ಆ 36 ಉಳಿ, ಸಲಾಕೆ ಉಜ್ಜೋಕೆ ಸರಿ, ಬಿಟ್ಟಿಗೆ ಒರಟು. ಅದನ್ನು ತೆಗೆದು ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು ಹಾಕಿ, 60 ಅಥವಾ 80 ಗ್ರಿಟ್, ಕಲ್ಲಿನ ಗಟ್ಟಿತನ ಹೇಳುವ ಗ್ರೇಡ್ ಜೆ ಅಥವಾ ಕೆ. ಕಾರ್ಬೊರಂಡಂ ಯೂನಿವರ್ಸಲ್, ಗ್ರೈಂಡ್‌ವೆಲ್ ನಾರ್ಟನ್ ಎರಡೂ ಕಂಪನಿಯದ್ದು ಬರುತ್ತದೆ. ಎಚ್‌ಎಸ್‌ಎಸ್‌ಗೆ ಇದು ತಣ್ಣಗೆ ಕತ್ತರಿಸುತ್ತದೆ. ಜೊತೆಗೆ ಕಲ್ಲಿನ ಮುಖ ಕೆರೆದು ಸಮ ಮಾಡುವ ಒಂದು ಡ್ರೆಸ್ಸರ್ ಇರಲೇಬೇಕು. ಕಲ್ಲಿನ ಮುಖ ಗುಂಡಿ ಬಿದ್ದಿದ್ದರೆ ಯಾವ ಜಿಗ್ಗೂ, ಯಾವ ಉಸ್ತಾದನ ಕೈಯೂ ನೇರ ಅಂಚು ತೆಗೆಯೋಕೆ ಆಗೋದಿಲ್ಲ. ನನ್ನ ಕೇಳಿದರೆ ಜಿಗ್‌ನ ದುಡ್ಡನ್ನು ಒಳ್ಳೆ ಕಲ್ಲಿಗೂ ಡ್ರೆಸ್ಸರ್‌ಗೂ ಹಾಕಿ.

ಬಿಟ್ ನೀಲಿ ಆಯಿತು ಅಂತ ಗಾಬರಿ ಬೇಡ. ಹಳೇ ಕಾರ್ಬನ್ ಸ್ಟೀಲ್ ಬಿಟ್ ಆಗಿದ್ದರೆ ನೀಲಿ ಬಂದ ಕಡೆ ಹದ ಹೋಯಿತು ಅಂತಲೇ ಅರ್ಥ. ಎಚ್‌ಎಸ್‌ಎಸ್ ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೂ ಗಟ್ಟಿತನ ಉಳಿಸಿಕೊಳ್ಳುತ್ತದೆ. ಆದರೆ ಕೆಂಪಗೆ ಕಾದದ್ದನ್ನು ಚುಂಯ್ ಅಂತ ನೀರಿಗೆ ಅದ್ದಬೇಡಿ, ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಅಷ್ಟು ಕಾಯಿಸದೆ ಮುಟ್ಟಿ ಮುಟ್ಟಿ ಬಿಡೋದೇ ಸರಿ.

ಗೋಡೆಗೆ ಹಾಕುವ ಬಿಟ್ ಈ ಕಲ್ಲಿಗೆ ಹಿಡಿಯಬೇಡಿ. ಅದರ ತುದಿ ಕಾರ್ಬೈಡ್, ಅದಕ್ಕೆ ಹಸಿರು ಸಿಲಿಕಾನ್ ಕಾರ್ಬೈಡ್ ಕಲ್ಲು ಅಥವಾ ಡೈಮಂಡ್ ವೀಲ್ ಬೇಕು. 3 ಮಿಮೀಗಿಂತ ಸಣ್ಣ ಬಿಟ್ ಉಜ್ಜುತ್ತಾ ಕೂರೋದು ವೇಸ್ಟ್, ಹೊಸದು ತನ್ನಿ.

ನಿಟ್ಟುವಳ್ಳಿ ಶೆಡ್:

ಎಲ್ಲರಿಗೂ ಥ್ಯಾಂಕ್ಸ್. ಮಸಿ ಬಳಿದು ನೋಡಿದೆ, ಹಿರಿಯರು ಹೇಳಿದ ಹಾಗೇ ಆ 8 ಮಿಮೀದು ಹಿಮ್ಮಡಿ ಮೇಲೆದ್ದು ನಿಂತಿದೆ. ಬೆಂಚ್ ಗ್ರೈಂಡರ್, ಬಿಳಿ ಕಲ್ಲು, ಡ್ರೆಸ್ಸರ್, ಇಷ್ಟು ತಗೊಳ್ಳುತ್ತೇನೆ. ಜಿಗ್ ಸದ್ಯಕ್ಕೆ ಬೇಡ. ಕಲ್ಲು ಬದಲಿಸೋದು ನಾನೇ ಮಾಡಬಹುದಾ? ಮತ್ತೆ ಸ್ಟೇನ್‌ಲೆಸ್‌ಗೆ ಇದೇ 118 ನಡೆಯುತ್ತಾ?

ಹರಿಹರದ ಹಳೇ ಫಿಟ್ಟರ್:

ಸ್ಟೇನ್‌ಲೆಸ್‌ಗೆ 135 ಒಳ್ಳೇದು. ಅದಕ್ಕಿಂತ ಮುಖ್ಯ ಸ್ಪೀಡ್ ಇಳಿಸು, ಎಣ್ಣೆ ಹಾಕು, ಒತ್ತಿ ಹಿಡಿ. ಒತ್ತದೆ ಸುಮ್ನೆ ತಿರುಗಿಸಿದರೆ ಆ ಜಾಗ ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಕಲ್ಲು ನೀನೇ ಬದಲಿಸಬಹುದು. ಅಂಗಡಿಗೆ ಹೋಗುವಾಗ ಹಳೇ ಕಲ್ಲು ಜೊತೆಗೆ ಒಯ್ಯಿ, ನಡುವಿನ ತೂತು ಹೊಂದಬೇಕು, ದೊಡ್ಡದಿದ್ದರೆ ಬುಷ್ ಕೇಳು. ಕಲ್ಲಿನ ಮೇಲೆ ಬರೆದ ಆರ್‌ಪಿಎಂ ನಿನ್ನ ಮಿಷನ್‌ಗಿಂತ ಜಾಸ್ತಿ ಇರಲಿ. ಹಾಕುವ ಮುಂಚೆ ತೂತಿಗೆ ಬೆರಳು ತೂರಿಸಿ ಎತ್ತಿ ಹಿಡಿದು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟು. ಟಣ್ ಅಂದರೆ ಹಾಕು, ಡಬ್ ಅಂದರೆ ಬಿರುಕಿದೆ, ವಾಪಸ್ ಕೊಡು. ಎಡಗಡೆ ನಟ್ ಉಲ್ಟಾ ಥ್ರೆಡ್ಡು, ಬಿಚ್ಚೋಕೆ ಬಲಕ್ಕೆ ತಿರುಗಿಸಬೇಕು. ಇದು ಗೊತ್ತಿಲ್ಲದೆ ಜಗ್ಗಿ ಜಗ್ಗಿ ಇನ್ನೂ ಬಿಗಿ ಮಾಡುವವರೇ ಜಾಸ್ತಿ. ಕಲ್ಲಿನ ಪಕ್ಕದ ಕಾಗದ ಕೀಳಬೇಡ. ರೆಸ್ಟ್‌ಗೂ ಕಲ್ಲಿಗೂ 3 ಮಿಮೀಗಿಂತ ಜಾಸ್ತಿ ಸಂದು ಬೇಡ. ಮೊದಲ ಸಲ ಆನ್ ಮಾಡಿದಾಗ ಪಕ್ಕಕ್ಕೆ ನಿಂತು ಒಂದು ನಿಮಿಷ ಖಾಲಿ ಓಡಿಸು. ಕನ್ನಡಕ ಹಾಕು, ಗ್ಲೌಸ್ ಹಾಕಬೇಡ.