ಉಬುಂಟು ಅಂದರೆ ‘ಊರು ಹೇಳಿದ ಹಾಗೆ ಕೇಳು’ ಅಂತಲೇ?

ಹೇಮಾವತಿ ದಂಡೆ, ಹಾಸನ
ಮುಂದಿನ ಭಾನುವಾರ ಹಾಸನದಲ್ಲಿ ನಮ್ಮ ಓದುಗರ ಬಳಗದ ಚರ್ಚೆ ಇದೆ. ಎರಡು ಗಂಟೆ ಸಮಯ, ಇಪ್ಪತ್ತು ಜನ, ಹೆಚ್ಚಿನವರು ಪದವಿ ವಿದ್ಯಾರ್ಥಿಗಳು. ವಿಷಯ: ಆಫ್ರಿಕಾದ ಚಿಂತನೆಯಲ್ಲಿ ಮನುಷ್ಯನ ಘನತೆ. ‘ಮನುಷ್ಯ ಮನುಷ್ಯನಾಗುವುದು ಬೇರೆ ಮನುಷ್ಯರಿಂದ’ ಅನ್ನುವ ದಕ್ಷಿಣ ಆಫ್ರಿಕಾದ ಜುಲು ಮಾತಿನಿಂದ, ಅಂದರೆ ಉಬುಂಟು ಅನ್ನುವ ಕಲ್ಪನೆಯಿಂದ, ಶುರು ಮಾಡೋಣ ಅಂದುಕೊಂಡಿದ್ದೇನೆ. ಆದರೆ ಮೊದಲ ಪ್ರಶ್ನೆ ಏನು ಬರುತ್ತದೆಂದು ಗೊತ್ತು. ದಂಡ ಕಟ್ಟದವರನ್ನು ಊರಿಂದ ಹೊರಗಿಟ್ಟು, ಅಂಗಡಿಯಲ್ಲಿ ಉಪ್ಪೂ ಸಿಗದಂತೆ ಮಾಡುವವರು ಕೂಡ ‘ಊರು ದೊಡ್ಡದು’ ಅಂತಲೇ ಹೇಳುವುದು. ಇದಕ್ಕೆ ಏನು ಉತ್ತರ?

ಗಿರಿಸಾಲು, ಚಿಕ್ಕಮಗಳೂರು
ಆ ಪ್ರಶ್ನೆಗೆ ಹೆದರಬೇಡಿ, ಚರ್ಚೆಯನ್ನು ಅದರಿಂದಲೇ ಶುರು ಮಾಡಿ. ಆಫ್ರಿಕಾದ ಚಿಂತಕರೇ ಅದರ ಮೇಲೆ ಜಗಳವಾಡಿದ್ದಾರೆ.

ನೈಜೀರಿಯಾದ ಇಫಿಯಾನಿ ಮೆಂಕಿಟಿ 1984ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ವ್ಯಕ್ತಿತ್ವ ಹುಟ್ಟಿನಿಂದ ಬರುವುದಲ್ಲ, ಸಮುದಾಯದಲ್ಲಿ ಕರ್ತವ್ಯ ಮಾಡುತ್ತಾ ಹಂತ ಹಂತವಾಗಿ ಗಳಿಸುವುದು ಅಂದರು. ಅಲ್ಲಿ ಕರ್ತವ್ಯ ಮೊದಲು, ಹಕ್ಕು ಆಮೇಲೆ. ತೊಡಕು ಎಲ್ಲಿ ಅಂದರೆ, ಗಳಿಸಬೇಕಾದ್ದನ್ನು ಕಳೆದುಕೊಳ್ಳಲೂಬಹುದು. ಹಾಗಾದರೆ ಹೊರಗಿಟ್ಟವನ ಪರವಾಗಿ ಯಾವ ಆಧಾರದ ಮೇಲೆ ಮಾತಾಡುವುದು?

ಘಾನಾದ ಕ್ವಾಮೆ ಜೆಚೆ ಇದನ್ನು ಒಪ್ಪಲಿಲ್ಲ. ಅವರು ಎತ್ತಿ ತೋರಿಸಿದ್ದು ಅಕಾನ್ ಜನರ ಒಂದು ಗಾದೆಯನ್ನು: ‘ಮನುಷ್ಯರೆಲ್ಲ ದೇವರ ಮಕ್ಕಳು, ಯಾರೂ ಮಣ್ಣಿನ ಮಕ್ಕಳಲ್ಲ.’ ಅಂದರೆ ಘನತೆ ಊರು ಕೊಟ್ಟದ್ದಲ್ಲ, ಆದ್ದರಿಂದ ಊರು ಕಿತ್ತುಕೊಳ್ಳುವಂತೆಯೂ ಇಲ್ಲ. ಸಮುದಾಯ ನಮ್ಮನ್ನು ರೂಪಿಸುತ್ತದೆ ನಿಜ, ಆದರೆ ಪೂರ್ತಿಯಾಗಿ ಅಲ್ಲ. ಅದರ ರೂಢಿಯನ್ನೇ ಪ್ರಶ್ನಿಸುವ ಬುದ್ಧಿ ನಮಗಿದೆ ಅನ್ನುವುದು ಅವರ ನಿಲುವು. ನನ್ನ ಮಟ್ಟಿಗೆ ಜೆಚೆಯವರದ್ದೇ ಗಟ್ಟಿ ವಾದ.

ಅಕಾನರಲ್ಲಿ ಎರಡು ತಲೆ, ಒಂದೇ ಹೊಟ್ಟೆಯ ಮೊಸಳೆಯ ಚಿತ್ರವಿದೆ. ಅದನ್ನು ಬೋರ್ಡಿನ ಮೇಲೆ ಬರೆಯಿರಿ. ಪಕ್ಕದಲ್ಲಿ ನಮ್ಮ ಭಾರುಂಡ ಹಕ್ಕಿಯ ಕಥೆ ಹೇಳಿ: ಒಂದು ತಲೆ ಹಣ್ಣು ಹಂಚಿಕೊಳ್ಳಲಿಲ್ಲ, ಸಿಟ್ಟಿಗೆ ಇನ್ನೊಂದು ತಲೆ ವಿಷದ ಹಣ್ಣು ತಿಂದಿತು, ಹಕ್ಕಿಯೇ ಸತ್ತಿತು. ಹೊಟ್ಟೆ ಒಂದೇ ಆದರೂ ರುಚಿ ನೋಡುವ ನಾಲಿಗೆ ಎರಡು, ಹಾಗೆಯೇ ಸಮುದಾಯ ಒಂದೇ ಆದರೂ ವ್ಯಕ್ತಿಗಳು ಬೇರೆ ಬೇರೆ ಅನ್ನುವುದು ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ.

ಮಂಜರಾಬಾದ್ ಕಾನೂನು, ಸಕಲೇಶಪುರ
ಗಿರಿಸಾಲು ಅವರ ಮಾತಿಗೆ ಒಂದು ತೀರ್ಪು ಸೇರಿಸುತ್ತೇನೆ. ಎಲ್ಲರೂ 1995ರ ಮಕ್ವನ್ಯಾನೆ ಪ್ರಕರಣವನ್ನೇ ಹೇಳುತ್ತಾರೆ. ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯದ 11 ನ್ಯಾಯಮೂರ್ತಿಗಳು ಒಮ್ಮತದಿಂದ ಮರಣದಂಡನೆಯನ್ನು ತೆಗೆದುಹಾಕಿದರು, ಹಲವರು ಉಬುಂಟುವನ್ನು ಹೆಸರಿಸಿಯೇ ಬರೆದರು. ಒಂದು ಎಚ್ಚರ: ಆ ಪದ ಇದ್ದದ್ದು 1993ರ ಮಧ್ಯಂತರ ಸಂವಿಧಾನದಲ್ಲಿ. 1996ರ ಸಂವಿಧಾನದಲ್ಲಿ ಅದು ಇಲ್ಲ. ಘನತೆಯ ಹಕ್ಕು 10ನೇ ಕಲಮಿನಲ್ಲಿದೆ. ಇಲ್ಲಿ ತುಂಬಾ ಜನ ಎಡವುತ್ತಾರೆ.

ನಿಮ್ಮ ಪ್ರಶ್ನೆಗೆ ಸರಿಯಾಗಿ ಹೊಂದುವುದು ಅದೇ ನ್ಯಾಯಾಲಯದ 2004ರ ಪೋರ್ಟ್ ಎಲಿಜಬೆತ್ ಪ್ರಕರಣ. ಖಾಸಗಿ ಜಾಗದಲ್ಲಿ 29 ಗುಡಿಸಲು, 68 ಜನ, ಅವರಲ್ಲಿ 23 ಮಕ್ಕಳು. ಇವರನ್ನು ಎಬ್ಬಿಸಿ ಎಂದು ಸುತ್ತಲಿನ 1,600 ಜನ ಸಹಿ ಹಾಕಿದ ಮನವಿ ಕೊಟ್ಟಿದ್ದರು. ನ್ಯಾಯಮೂರ್ತಿ ಆಲ್ಬಿ ಸ್ಯಾಕ್ಸ್ ಬರೆದ ತೀರ್ಪು ಉಬುಂಟುವನ್ನು ಬಳಸಿದ್ದು 68 ಜನರ ಪರವಾಗಿ: ಮೊದಲು ಕೂತು ಮಾತಾಡಿ, ಅವರು ಎಲ್ಲಿಗೆ ಹೋಗಬೇಕೆಂದು ನೋಡಿ. ತೆರವಿಗೆ ಆದೇಶ ಸಿಗಲಿಲ್ಲ. ಸಹಿ ಹಾಕಿದವರಷ್ಟೇ ಸಮುದಾಯವಲ್ಲ, ಗುಡಿಸಲಿನವರೂ ಸೇರಿಯೇ ಸಮುದಾಯ. ಊರಿಂದ ಹೊರಗಿಡುವವರಿಗೂ ಇದೇ ಉತ್ತರ.

ಹೇಮಾವತಿ ದಂಡೆ
ತುಂಬಾ ಉಪಕಾರವಾಯಿತು ಸರ್. ಆಫ್ರಿಕಾದ ದೇಶಗಳು ಒಪ್ಪಿದ ಮಾನವ ಹಕ್ಕು ಸನ್ನದಿನಲ್ಲಿ ಕರ್ತವ್ಯಗಳೂ ಇವೆಯಲ್ಲ, ಅವು ಹಕ್ಕನ್ನು ಮೊಟಕು ಮಾಡುವುದಿಲ್ಲವೇ?

ಭದ್ರಾ ಓದುಗಿ, ಕಳಸ
ಮಾಡುವ ಅಪಾಯ ಇದೆ ಮೇಡಂ. 1981ರಲ್ಲಿ ಒಪ್ಪಿ 1986ರಲ್ಲಿ ಜಾರಿಗೆ ಬಂದ ಸನ್ನದಿನ 27ರಿಂದ 29ನೇ ವಿಧಿಗಳು ಕರ್ತವ್ಯದವು. 27(2) ‘ಸಾಮೂಹಿಕ ಭದ್ರತೆ, ನೈತಿಕತೆ, ಸಾಮಾನ್ಯ ಹಿತ’ ಅನ್ನುತ್ತದೆ; ಸರ್ಕಾರಗಳು ಹಿಡಿಯುವುದು ಇದೇ ಎಳೆಯನ್ನು. ಹಕ್ಕು ಹೆಸರಿಗಷ್ಟೇ ಉಳಿಯುವಂತೆ ಮಿತಿ ಹಾಕಬಾರದೆಂದು ಆಫ್ರಿಕಾದ ಮಾನವ ಹಕ್ಕು ಆಯೋಗ ಹೇಳಿದೆ.

ಸಮುದಾಯವೇ ಹಕ್ಕುದಾರನಾದ ಉದಾಹರಣೆ ಕೀನ್ಯಾದ ಓಗಿಯೆಕ್ ಜನ. 2009ರಲ್ಲಿ ಅವರು ಬದುಕುವ ಮಾವ್ ಎಂಬ ಹೆಸರಿನ ಕಾಡನ್ನು 30 ದಿನದಲ್ಲಿ ಬಿಡಿ ಎಂದು ನೋಟಿಸು ಬಂತು. 2017ರ ಮೇ 26ರಂದು ಆಫ್ರಿಕಾದ ಮಾನವ ಹಕ್ಕು ನ್ಯಾಯಾಲಯ ಅವರ ಪರ ತೀರ್ಪಿತ್ತು. ಕಾಡು ಉಳಿಸಲು ಅವರನ್ನು ಎಬ್ಬಿಸಬೇಕೆಂಬ ಸರ್ಕಾರದ ವಾದವನ್ನು ಒಪ್ಪಲಿಲ್ಲ. ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೂ ಮನೆತನದ ಸಾಗುವಳಿಗೆ ಒಂದು ಅರ್ಜಿ, ಊರೊಟ್ಟಿನ ಹಕ್ಕಿಗೆ ಬೇರೆ ಅರ್ಜಿ ಇದೆಯಲ್ಲ.

ಸಮಯ ಹೀಗೆ ಹಂಚಿ: ಮೊಸಳೆ ಮತ್ತು ಎರಡು ವಾದಕ್ಕೆ 40 ನಿಮಿಷ, 29 ಗುಡಿಸಲಿಗೆ 50, ಓಗಿಯೆಕ್‌ಗೆ ಉಳಿದ ಅರ್ಧ ಗಂಟೆ. ಗುಡಿಸಲಿನ ಪ್ರಕರಣದಲ್ಲಿ ತೀರ್ಪನ್ನು ಮೊದಲೇ ಹೇಳಬೇಡಿ. ಐದೈದು ಜನರ ನಾಲ್ಕು ಗುಂಪು ಮಾಡಿ ಅವರೇ ತೀರ್ಮಾನಿಸಲಿ, ಆಮೇಲೆ ಓದಿ. ಇನ್ನೊಂದು, ‘ಆಫ್ರಿಕಾದವರು ಹೀಗೆ ನಂಬುತ್ತಾರೆ’ ಅನ್ನಬೇಡಿ. ಉಬುಂಟು ದಕ್ಷಿಣದ ಜುಲು, ಖೋಸಾ ಮಾತಿನದ್ದು, ಮೊಸಳೆ ಘಾನಾದ್ದು. ನಡುವೆ ಸಾವಿರಾರು ಕಿಲೋಮೀಟರ್ ಇದೆ.