33 ಇಂಚಿನ ಟೈರು, ಚಿಕ್ಕ ಕ್ಯಾಂಪರ್, ಎದುರಿಗೆ ರಾಕಿ ಪರ್ವತ: ಯಾವ ಆಕ್ಸಲ್ ಅನುಪಾತ ಸರಿ?

ಪ್ರಶ್ನೆ (ಡೆನ್ವರ್‌ನಿಂದ): ನಮಸ್ಕಾರ ಸರ್. ನನ್ನದು 2019ರ ಟೊಯೊಟಾ ಟಕೋಮಾ ಪಿಕಪ್. 3.5 ಲೀಟರ್ ವಿ6, ಆರು ಗೇರಿನ ಆಟೊಮ್ಯಾಟಿಕ್, ಫೋರ್ ವೀಲ್ ಡ್ರೈವ್. ಕೊಂಡಾಗ 265/70ಆರ್16 ಟೈರುಗಳಿದ್ದವು. ಕಳೆದ ವರ್ಷ ಗಾಡಿಯನ್ನು ಸ್ವಲ್ಪ ಎತ್ತರಿಸಿ 285/75ಆರ್16 ಹಾಕಿಸಿದೆ. ಕಲ್ಲುದಾರಿಯಲ್ಲಿ ತಳ ತಗುಲುವುದು ನಿಂತಿದೆ, ಆದರೆ ಹೆದ್ದಾರಿಯಲ್ಲಿ ಆರನೇ ಗೇರು ನಿಲ್ಲುವುದೇ ಇಲ್ಲ. ಚಿಕ್ಕ ಏರು ಬಂದರೂ ಐದಕ್ಕೆ, ನಾಲ್ಕಕ್ಕೆ ಇಳಿಯುತ್ತದೆ, ಮತ್ತೆ ಮೇಲೇರುತ್ತದೆ. ಬೇಸಿಗೆಯಲ್ಲಿ ಮಡಚುವ ಕ್ಯಾಂಪರ್ (ಹಿಂದೆ ಎಳೆದೊಯ್ಯುವ, ಒಳಗೆ ಮಲಗಬಹುದಾದ ಟ್ರೇಲರ್) ಕಟ್ಟಿಕೊಂಡು ಹೆಂಡತಿ ಮಕ್ಕಳೊಂದಿಗೆ ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗ ದಾಟಿ ಹೋಗುತ್ತೇವೆ. ಸಾಮಾನು ತುಂಬಿದ ಮೇಲೆ ಕ್ಯಾಂಪರ್ 2,600 ಪೌಂಡ್ ತೂಗುತ್ತದೆ. ಈಗಿರುವ ಆಕ್ಸಲ್ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನಿಂದ ಬರುವ ದಂಡ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ) 3.91. ಟೈರಿನ ಲೆಕ್ಕ ಹಾಕಿದರೆ 4.19 ಬರುತ್ತದೆ, ಹಾಗಾಗಿ 4.30 ಸಾಕು ಎಂದು ನನ್ನ ಅನಿಸಿಕೆ. ಗೆಳೆಯರು 4.88 ಎನ್ನುತ್ತಾರೆ, ಒಬ್ಬರು 5.29 ಎಂದು ಹಟ ಹಿಡಿದಿದ್ದಾರೆ. ಯಾರ ಮಾತು ಕೇಳಲಿ? ಪೆಟ್ರೋಲ್ ಖರ್ಚು ಏರಿಬಿಡುವುದೇ?

ಉತ್ತರ: ನಮಸ್ಕಾರ. ನಿಮ್ಮ ಗುಣಾಕಾರ ತಪ್ಪಿಲ್ಲ. ಹಳೆಯ ಟೈರಿನ ವ್ಯಾಸ 30.6 ಇಂಚು, ಹೊಸದರದ್ದು 32.8. ಅದೇ ಪ್ರಮಾಣದಲ್ಲಿ 3.91 ಅನ್ನು ಹೆಚ್ಚಿಸಿದರೆ 4.19 ಬರುತ್ತದೆ. ಆದರೆ ಆ ಲೆಕ್ಕ ನಿಮ್ಮನ್ನು ಗಾಡಿ ಕೊಂಡ ದಿನದ ಸ್ಥಿತಿಗೆ ಮರಳಿಸುತ್ತದೆ, ಅಷ್ಟೇ. ಆ ದಿನ ಹಿಂದೆ ಕ್ಯಾಂಪರ್ ಇರಲಿಲ್ಲ. ಹೊಸ ಟೈರು ದಪ್ಪ ಪದರದ ಎಲ್‌ಟಿ (ಲೈಟ್ ಟ್ರಕ್) ಜಾತಿಯದಾಗಿದ್ದರೆ ಒಂದೊಂದೂ ಹಳೆಯದಕ್ಕಿಂತ 15ರಿಂದ 20 ಪೌಂಡ್ ಭಾರ. ಅದೂ ತಿರುಗುವ ಭಾರ, ಪ್ರತಿ ಬಾರಿ ವೇಗ ಹೆಚ್ಚಿಸುವಾಗಲೂ ಎಂಜಿನ್ ಅದನ್ನು ತಿರುಗಿಸಬೇಕು. ಎತ್ತರಿಸಿದ ಗಾಡಿಗೆ ಗಾಳಿಯ ತಡೆಯೂ ಹೆಚ್ಚು.

ನೀವು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟ ದೊಡ್ಡ ಸಂಗತಿ ಎತ್ತರ. ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಸಮುದ್ರಮಟ್ಟದಿಂದ ಪ್ರತಿ 1,000 ಅಡಿ ಮೇಲೇರಿದಾಗ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಮೇಲಿದೆ. ಕಾಗದದ ಮೇಲೆ 278 ಕುದುರೆ ಬಲದ ನಿಮ್ಮ ಎಂಜಿನ್ ಅಲ್ಲಿ 190ರ ಆಸುಪಾಸಿಗೆ ಬಂದಿರುತ್ತದೆ. ಈ ಎಂಜಿನ್ನಿನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) ಸಿಗುವುದು 4,600 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 4,600 ಸುತ್ತಿನಲ್ಲಿ. ಕಡಿಮೆ ಸುತ್ತಿನಲ್ಲಿ ಭಾರ ಎಳೆಯುವ ಜಾಯಮಾನ ಇದಕ್ಕಿಲ್ಲ. ಸುತ್ತಲು ಬಿಟ್ಟರೆ ಸಂತೋಷವಾಗಿ ದುಡಿಯುತ್ತದೆ.

ಆದ್ದರಿಂದ ನಾನು ಅನುಪಾತ ಆರಿಸಲು ಟೈರಿನಿಂದ ಶುರು ಮಾಡುವುದಿಲ್ಲ, ಗಾಡಿ ಹತ್ತಬೇಕಾದ ಅತಿ ಕಠಿಣ ಚಡಾವಿನಿಂದ ಶುರು ಮಾಡುತ್ತೇನೆ. ಲೆಕ್ಕ ಸುಲಭ: ಗಂಟೆಗೆ ಎಷ್ಟು ಮೈಲಿ ಎಂಬುದನ್ನು ಆಕ್ಸಲ್ ಅನುಪಾತ, ಗೇರಿನ ಅನುಪಾತ ಮತ್ತು 336ರಿಂದ ಗುಣಿಸಿ, ಟೈರಿನ ವ್ಯಾಸದಿಂದ ಭಾಗಿಸಿ. ಸಿಗುವುದು ಆರ್‌ಪಿಎಂ. ನಿಮ್ಮ ಗೇರ್‌ಬಾಕ್ಸಿನಲ್ಲಿ ಎರಡನೆಯದು 2.09, ಮೂರನೆಯದು 1.49, ನಾಲ್ಕನೆಯದು 1.00, ಆರನೆಯದು 0.58.

ಕ್ಯಾಂಪರ್ ಕಟ್ಟಿಕೊಂಡು ಗಂಟೆಗೆ 50 ಮೈಲಿಯಲ್ಲಿ ಸುರಂಗದತ್ತ ಹತ್ತುತ್ತಿದ್ದೀರಿ ಎಂದುಕೊಳ್ಳೋಣ. ಈಗಿನ 3.91ರಲ್ಲಿ ಮೂರನೇ ಗೇರು ಸುಮಾರು 3,000 ಆರ್‌ಪಿಎಂ ಕೊಡುತ್ತದೆ. ಆ ತೆಳುಗಾಳಿಯಲ್ಲಿ ಅಷ್ಟು ಸುತ್ತಿಗೆ ಎಂಜಿನ್ನಿನ ಉಸಿರು ಸಾಲದು. ಎರಡಕ್ಕೆ ಇಳಿದರೆ 4,200ರ ಸಮೀಪಕ್ಕೆ ಹಾರುತ್ತದೆ, ಮಕ್ಕಳು ಹಿಂದಿನಿಂದ ಏನಾಯಿತೆಂದು ಕೇಳುತ್ತಾರೆ. ವೇಗ ಸಿಕ್ಕ ಕೂಡಲೇ ಮತ್ತೆ ಮೂರು, ಮತ್ತೆ ಎರಡು. ಇಡೀ ಘಟ್ಟ ಇದೇ ಪರದಾಟ. 4.88 ಹಾಕಿದರೆ ಅದೇ ಮೂರನೇ ಗೇರು, ಅದೇ 50 ಮೈಲಿ, ಆದರೆ ಸುಮಾರು 3,700 ಆರ್‌ಪಿಎಂ. ಆ ಚಡಾವಿಗೆ ಬೇಕಾದ ಶಕ್ತಿ ಅಲ್ಲಿದೆ. ಗೇರು ಅಲ್ಲೇ ನಿಲ್ಲುತ್ತದೆ.

4.88 ಎನ್ನುವುದೇ ನನ್ನ ಉತ್ತರ. ಹಳೆಯ ಟೈರಿನ ಭಾಷೆಯಲ್ಲಿ ಹೇಳುವುದಾದರೆ ಅದು 4.55ಕ್ಕೆ ಸಮ, ಅಂದರೆ ಮೊದಲಿಗಿಂತ ಸುಮಾರು ನೂರಕ್ಕೆ 16ರಷ್ಟು ಹೆಚ್ಚು ಎಳೆತ. ಖಾಲಿ ಗಾಡಿಯಲ್ಲಿ 65 ಮೈಲಿ ವೇಗದಲ್ಲಿ, ಆರನೇ ಗೇರಿನಲ್ಲಿ, ಈಗ ಸುಮಾರು 1,500 ಆರ್‌ಪಿಎಂ ಇರುವುದು 1,900ರ ಹತ್ತಿರ ಆಗುತ್ತದೆ. 1,900 ಏನೂ ಹೆಚ್ಚಲ್ಲ.

5.29 ಎನ್ನುವ ಗೆಳೆಯರಿಗೂ ಕಾರಣವಿರಬಹುದು: ಉಕ್ಕಿನ ಬಂಪರ್, ಚಾವಣಿಯ ಮೇಲೆ ಟೆಂಟು, ವಿಂಚು ಎಲ್ಲ ಹೊತ್ತ ಗಾಡಿಗೆ ಅದು ಒಪ್ಪುತ್ತದೆ. ನಿಮಗೆ ಬೇಡ. ಆಕ್ಸಲ್ ಒಳಗೆ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ಪಿನಿಯನ್ ಎಂಬ ಸಣ್ಣದು ತಿರುಗಿಸುತ್ತದೆ. 4.88ರ ಜೋಡಿಯಲ್ಲಿ ಕ್ರೌನಿಗೆ 39 ಹಲ್ಲು, ಪಿನಿಯನ್ನಿಗೆ 8. 5.29ರಲ್ಲಿ 37ಕ್ಕೆ 7. ಪಿನಿಯನ್ ಸಣ್ಣದಾದಷ್ಟೂ ಒಂದೊಂದು ಹಲ್ಲಿನ ಮೇಲೆ ಬೀಳುವ ಹೊರೆ ಹೆಚ್ಚು. ಅಗತ್ಯವಿಲ್ಲದೆ ಅಲ್ಲಿಗೆ ಹೋಗಬಾರದು.

ಪೆಟ್ರೋಲಿನ ವಿಷಯಕ್ಕೆ ಬರುತ್ತೇನೆ. ಹೊಸ ಟೈರು ಹಾಕಿದ ಮೇಲೆ ಗಾಡಿಯ ಮೀಟರು 65 ತೋರಿಸುವಾಗ ನೀವು ನಿಜವಾಗಿ 70ರ ಹತ್ತಿರ ಓಡುತ್ತಿರುತ್ತೀರಿ. ಓಡಿದ ಮೈಲಿಯನ್ನೂ ಅದು ನೂರಕ್ಕೆ ಏಳರಷ್ಟು ಕಡಿಮೆ ಎಣಿಸುತ್ತದೆ. ಟೈರು ಬದಲಿಸಿದವರು ಮೈಲೇಜ್ ಬಿತ್ತೆಂದು ದುಃಖಪಡುವುದರಲ್ಲಿ ಒಂದು ಪಾಲು ಈ ಎಣಿಕೆಯ ತಪ್ಪು. ಜಿಪಿಎಸ್‌ನಲ್ಲಿ ಅಳೆದು ನೋಡಿ. ಅನುಪಾತ ಬದಲಿಸಿದ ಮೇಲೆ ಖಾಲಿ ಹೆದ್ದಾರಿಯಲ್ಲಿ ಸ್ವಲ್ಪ ಹೆಚ್ಚು ಕುಡಿಯಬಹುದು. ಏರುತಗ್ಗಿನಲ್ಲಿ, ಭಾರ ಎಳೆಯುವಾಗ ಅದು ಬಹುಮಟ್ಟಿಗೆ ಸರಿಹೋಗುತ್ತದೆ. ಉಳಿತಾಯಕ್ಕೆಂದು ಯಾರೂ ಕ್ರೌನ್-ಪಿನಿಯನ್ ಬದಲಿಸಬಾರದು. ಗೇರ್‌ಬಾಕ್ಸ್ ಉಳಿಸಲು ಬದಲಿಸಬೇಕು. ಅದು ಗೇರಿನಿಂದ ಗೇರಿಗೆ ಓಡಾಡುವಾಗ ಟಾರ್ಕ್ ಕನ್ವರ್ಟರಿನ (ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಎಣ್ಣೆಯ ಮೂಲಕ ಜೋಡಿಸುವ ಭಾಗ) ಲಾಕ್ ಬಿಟ್ಟು ಬಿಟ್ಟು ಹಿಡಿಯುತ್ತದೆ, ಎಣ್ಣೆ ಕಾಯುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಕಾವಿಗಿಂತ ದೊಡ್ಡ ಶತ್ರು ಇಲ್ಲ.

ಪ್ರಶ್ನೆ (ಡೆನ್ವರ್‌ನವರೇ): ತುಂಬಾ ಧನ್ಯವಾದಗಳು ಸರ್. ಮುಂದಿನ ಮತ್ತು ಹಿಂದಿನ ಆಕ್ಸಲ್ ಎರಡಕ್ಕೂ ಸೇರಿ ಎರಡು ಮೂರು ಸಾವಿರ ಡಾಲರ್ ಕೇಳುತ್ತಿದ್ದಾರೆ. ನಾನು ಫೋರ್ ವೀಲ್ ಬಳಸುವುದು ಕಡಿಮೆ. ಸದ್ಯಕ್ಕೆ ಹಿಂದಿನದನ್ನು ಮಾತ್ರ ಮಾಡಿಸಿದರೆ?

ಉತ್ತರ: ದಯವಿಟ್ಟು ಬೇಡ. ಹಿಂದೆ 4.88, ಮುಂದೆ 3.91 ಇದ್ದು ನೀವು ಒಮ್ಮೆ ಮರೆತು ಫೋರ್ ವೀಲ್ ಹಾಕಿದರೆ ಮುಂದಿನ ಚಕ್ರ ಒಂದು ವೇಗ ಕೇಳುತ್ತದೆ, ಹಿಂದಿನದು ಇನ್ನೊಂದು. ನಡುವೆ ಸಿಕ್ಕ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಒಡೆಯುತ್ತದೆ. ಹಿಮ ಬಿದ್ದ ರಾತ್ರಿ, ಕುಟುಂಬ ಗಾಡಿಯಲ್ಲಿರುವಾಗಲೇ ಆ ಸ್ವಿಚ್ಚಿಗೆ ಕೈ ಹೋಗುವುದು. ಹಣ ಸಾಲದಿದ್ದರೆ ಒಂದು ಬೇಸಿಗೆ ಕಾಯಿರಿ. ಅಲ್ಲಿಯವರೆಗೆ ಕ್ಯಾಂಪರ್ ಕಟ್ಟಿದಾಗ ಗೇರಿನ ಲಿವರನ್ನು ಎಸ್ ಸ್ಥಾನಕ್ಕೆ ತಂದು ನಾಲ್ಕರ ಮೇಲೆ ಹೋಗದಂತೆ ಕಟ್ಟಿಹಾಕಿ. ಗೇರ್‌ಬಾಕ್ಸಿಗೆ ಅಷ್ಟಾದರೂ ನೆಮ್ಮದಿ.

ಕೆಲಸ ಕೊಡುವ ಮುನ್ನ ಗ್ಯಾರೇಜಿನವರನ್ನು ಕೇಳಿ: ಬೇರಿಂಗ್‌ಗಳೆಲ್ಲ ಹೊಸದೇ? ಹಲ್ಲಿನ ಗುರುತು ತೋರಿಸುತ್ತೀರಾ? ಹುಬ್ಬಳ್ಳಿಯ ಲಾರಿ ಗ್ಯಾರೇಜಿನಲ್ಲಿ ನಾನು ಕೆಲಸ ಕಲಿಯುವಾಗ ನಮ್ಮ ಮೇಸ್ತ್ರಿ ಕ್ರೌನಿನ ಹಲ್ಲಿಗೆ ಬಣ್ಣ ಹಚ್ಚಿ, ಕೈಯಿಂದ ತಿರುಗಿಸಿ, ಪಿನಿಯನ್ ಎಲ್ಲಿ ಒರೆಸಿದೆ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಗುರುತು ಹಲ್ಲಿನ ಮಧ್ಯಕ್ಕೆ ಬರುವವರೆಗೆ ಶಿಮ್ (ತೆಳು ಲೋಹದ ಬಿಲ್ಲೆ) ಬದಲಿಸಿ ಬದಲಿಸಿ ಮತ್ತೆ ಬಿಗಿಯುತ್ತಿದ್ದರು, ಅರ್ಧ ದಿನ ಹೋದರೂ ಸರಿ. ಅಮೆರಿಕದಲ್ಲೂ ಆ ಕೆಲಸಕ್ಕೆ ಅಡ್ಡದಾರಿ ಇಲ್ಲ. ಅವಸರದಲ್ಲಿ ಕೂರಿಸಿದ ಜೋಡಿ ಕೆಲವೇ ದಿನಗಳಲ್ಲಿ ಊಳಿಡಲು ಶುರು ಮಾಡುತ್ತದೆ.

ಹೊಸ ಹಲ್ಲುಗಳಿಗೆ ಮೊದಲ 500 ಮೈಲಿ ನಾಜೂಕಿನ ಕಾಲ. ಮೊದಲ ಕೆಲವು ಬಾರಿ 15-20 ಮೈಲಿ ಓಡಿಸಿ ಪೂರ್ತಿ ತಣಿಯಲು ಬಿಡಿ. ಕ್ಯಾಂಪರ್ ಮುಟ್ಟಲೇಬೇಡಿ. 500 ಆದ ಮೇಲೆ ಎಣ್ಣೆ ಬದಲಿಸಿ.

ಇನ್ನೊಂದು ಮಾತು ಮನಸ್ಸಿಟ್ಟು ಕೇಳಿ. ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆಗೆ ಇಳಿಯುವಾಗ ನೂರಕ್ಕೆ ಏಳರ ಇಳಿಜಾರಿದೆ. 4.88ರಿಂದ ಎಂಜಿನ್ ಹಿಡಿತ ಹೆಚ್ಚುತ್ತದೆ ನಿಜ, ಆದರೆ ಬ್ರೇಕ್ ಡಿಸ್ಕು ಹಳೆಯದೇ, ಟೈರು ಮಾತ್ರ ದೊಡ್ಡದು. ಅದೇ ಪೆಡಲಿಗೆ ಗಾಡಿ ಮೊದಲಿನಷ್ಟು ಬೇಗ ನಿಲ್ಲುವುದಿಲ್ಲ. ಕ್ಯಾಂಪರಿಗೆ ಎಲೆಕ್ಟ್ರಿಕ್ ಬ್ರೇಕ್ ಇಲ್ಲದಿದ್ದರೆ ಅನುಪಾತಕ್ಕಿಂತ ಮೊದಲು ಅದಕ್ಕೆ ಹಣ ಕೊಡಿ.

ಪ್ರಶ್ನೆ (ಡಲ್ಲಾಸ್‌ನಿಂದ): ಸರ್, ನನ್ನದೂ ಇದೇ ಗಾಡಿ, ಇದೇ ಟೈರು. ಟ್ರೇಲರ್ ಇಲ್ಲ. ಹೆದ್ದಾರಿಯಲ್ಲಿ 75ರ ಓಟವೇ ಹೆಚ್ಚು. ನನಗೂ 4.88 ಬೇಕೇ?

ಉತ್ತರ: ಬೇಕಿಲ್ಲ. ನಿಮ್ಮದು ಸಮತಟ್ಟು ನೆಲ, ದಟ್ಟ ಗಾಳಿ. ಗೇರಿನ ಓಡಾಟ ತೀರಾ ಬೇಸರವಾಗಿದ್ದರೆ 4.56 ಹಾಕಿಸಿ. 75ರಲ್ಲಿ ಆರನೇ ಗೇರಿನಲ್ಲಿ ಸುಮಾರು 2,030 ಆರ್‌ಪಿಎಂ ಇರುತ್ತದೆ. ಬೇಸರವಿಲ್ಲದಿದ್ದರೆ ಈಗ ಏನೂ ಮಾಡಬೇಡಿ. ಮುಂದೆ ಟ್ರೇಲರ್ ಕೊಳ್ಳುವ ಯೋಚನೆಯಿದ್ದರೆ ಅದರ ತುಂಬಿದ ತೂಕವನ್ನೂ ಹೋಗುವ ದಾರಿಯನ್ನೂ ತಿಳಿಸಿ ಆಗ ಕೇಳಿ, ಲೆಕ್ಕ ಹಾಕಿ ಹೇಳುತ್ತೇನೆ.