ಜಿಗಿದಾಡುವ ಟೆಕ್ ಷೇರಿಗೆ ಕವರ್ಡ್ ಕಾಲ್: ಸ್ಟ್ರೈಕ್ ಎಲ್ಲಿಡಬೇಕು?

ಪ್ರಶ್ನೆ: ಅಮೆರಿಕದ ಟೆಕ್ ಷೇರು 100 ಇವೆ. ಕೊಂಡಿದ್ದು 180 ಡಾಲರ್‌ಗೆ, ಈಗ 200. ಷೇರು ಇಟ್ಟುಕೊಂಡೇ ಅದರ ಮೇಲೆ 30 ದಿನದ 220ರ ಕಾಲ್ (ಅಷ್ಟರೊಳಗೆ 220ಕ್ಕೆ, ಅಂದರೆ ಸ್ಟ್ರೈಕ್ ಬೆಲೆಗೆ, ನನ್ನಿಂದ ಷೇರು ಕೊಳ್ಳುವ ಹಕ್ಕು) ಮಾರಿದರೆ ಷೇರಿಗೆ 7 ಡಾಲರ್ ಪ್ರೀಮಿಯಂ ಸಿಗುತ್ತದೆ. ಈ ಕವರ್ಡ್ ಕಾಲ್ ಮಾರಬಹುದಾ?

ಉತ್ತರ 1: ಮೊದಲು ತ್ರೈಮಾಸಿಕ ಫಲಿತಾಂಶದ ದಿನ ನೋಡಿ. ಪ್ರೀಮಿಯಂ ಇಷ್ಟು ದಪ್ಪ ಇರುವುದಕ್ಕೆ ಎಷ್ಟೋ ಸಲ ಅದೇ ಕಾರಣ. ಕೈಗೆ 700 ಡಾಲರ್ ಬರುತ್ತದೆ, ಸರಿ. ಆದರೆ ಷೇರು 250ಕ್ಕೆ ಹಾರಿದರೂ ನಿಮಗೆ ದಕ್ಕುವುದು ಷೇರಿಗೆ 220+7, ಅಂದರೆ 227 ಮಾತ್ರ. ಇಳಿದರೆ ರಕ್ಷಣೆ ಈಗಿನ 200ರಿಂದ 193ರ ತನಕ, ಅಷ್ಟೇ.

ಉತ್ತರ 2: ಷೇರು ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಡೆಲ್ಟಾ (ಷೇರು ಕೈತಪ್ಪುವ ಸಾಧ್ಯತೆಯ ಒರಟು ಅಂದಾಜು) 0.20ರ ಆಸುಪಾಸಿನ ಸ್ಟ್ರೈಕ್ ಹಿಡಿಯಿರಿ. ಪ್ರೀಮಿಯಂ ಅರ್ಧಕ್ಕಿಳಿದಾಗ ಆ ಕಾಲ್ ವಾಪಸ್ ಕೊಂಡು ವ್ಯವಹಾರ ಮುಚ್ಚಿ. ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ) ಬೇಡ, ಲಿಮಿಟ್ (ನೀವು ಹೇಳಿದ ಬೆಲೆಗೆ) ಹಾಕಿ.

ಉತ್ತರ 3: ನಿಜವಾದ ಎಡವಟ್ಟು ಆಮೇಲೆ. ಷೇರು 160ಕ್ಕೆ ಕುಸಿದಾಗ ಪ್ರೀಮಿಯಂ ಆಸೆಗೆ 170ರ ಕಾಲ್ ಮಾರುತ್ತಾರೆ. ಷೇರು ಪುಟಿದೆದ್ದರೆ 180ರ ಮಾಲು 170ಕ್ಕೆ ಹೋಗುತ್ತದೆ.